ಮಗಳ ಭಾನುವಾರಕ್ಕೆ ಸಾಕ್ಷಿ

ನನಗೆ ಸಂಶಯ ಜಾಸ್ತಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಜಾಸ್ತಿಯೇನಿಲ್ಲ, ಬೇಕಾದಷ್ಟಿದೆ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜನ ತಂದುಕೊಡುವ ಪ್ರಮಾಣಪತ್ರಗಳು ಖರೆಯೋ ಖೋಟಾವೋ ಎಂದು ನೋಡುವುದೇ ನನ್ನ ಕೆಲಸ. ಸೀಲು ದುಂಡಗೆ, ಅಚ್ಚುಕಟ್ಟಾಗಿ ಬಿದ್ದಿದ್ದರೆ ಅಲ್ಲೇ ನನಗೆ ಅನುಮಾನ ಶುರುವಾಗುತ್ತದೆ. ಖರೆ ಸೀಲು ಅರ್ಧ ಮೂಡಿರುತ್ತದೆ, ಇನ್ನರ್ಧ ಮೂಡಿರುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬೇರೆಯವರು ಹೇಳಿ ಮರೆಯುತ್ತಾರೆ. ನನಗೆ ಅದಕ್ಕೆ ಸಂಬಳ ಕೊಡುತ್ತಾರೆ.

ಹೋದ ವರ್ಷ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅವಳಿಗೆ ದೂರದ ಊರಿನ ಒಂದು ಖಾಸಗಿ ಕಾಲೇಜಿನ ಹುಚ್ಚು ಹಿಡಿಯಿತು. ಬಹಳ ಮಕ್ಕಳು ಅರ್ಜಿ ಹಾಕುತ್ತಾರೆ, ಸ್ವಲ್ಪ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಅವರಲ್ಲಿ ಕೆಲವರಿಗಷ್ಟೇ ಫೀ ಪೂರ್ತಿ ಮಾಫಿ. ನಮ್ಮಂಥವರ ಮಕ್ಕಳು ಅಲ್ಲಿಗೆ ಹೋಗುವುದಿದ್ದರೆ ಆ ಬಾಗಿಲಿನಿಂದಲೇ ಹೋಗಬೇಕು. ಅಂಕಗಳಿಗೇನೂ ಕೊರತೆ ಇರಲಿಲ್ಲ. ಆದರೆ ಆ ಕಾಲೇಜಿನವರಿಗೆ ಅಂಕ ಸಾಲದು. ಓದು ಬಿಟ್ಟು ಮತ್ತೇನು ಮಾಡುತ್ತೀ ಎಂದು ಕೇಳುತ್ತಾರೆ. ನಾಟಕವೋ, ಚರ್ಚಾಸ್ಪರ್ಧೆಯೋ, ಆಟವೋ, ಸಮಾಜಸೇವೆಯೋ ಏನಾದರೂ ತೋರಿಸಬೇಕು. ನನ್ನ ಮಗಳು ಹಾಡುವವಳಲ್ಲ, ಕುಣಿಯುವವಳಲ್ಲ. ಶಾಲೆಯಲ್ಲಿ ಒಮ್ಮೆ ಖೋಖೋ ತಂಡಕ್ಕೆ ಸೇರಿ, ಮೊದಲ ದಿನವೇ ಕಾಲು ಉಳುಕಿಸಿಕೊಂಡು ಮನೆಗೆ ಬಂದವಳು.

"ಅವ್ವಾ, ಆ ಜಾಗಾದಾಗ ನಾ ಏನ್ ಬರೀಲಿ?" ಎಂದು ಕೇಳಿ ಲ್ಯಾಪ್‌ಟಾಪಿನ ಮುಂದೆ ಕುಳಿತು ಅತ್ತಳು. ಬಿದ್ದರೂ ಏಟಾದರೂ ಅಳದ ಹುಡುಗಿ. ನನಗೆ ಆ ಕಾಲೇಜಿನ ಮೇಲೆ ಸಿಟ್ಟು ಬಂತು. ಓದಿದ್ದನ್ನು ಪರೀಕ್ಷೆ ಮಾಡಬಹುದು. ಭಾನುವಾರ ಏನು ಮಾಡುತ್ತೀ ಎಂದು ಕೇಳಿದರೆ ಅದಕ್ಕೆ ಯಾವ ಅಧಿಕಾರಿ ಸಹಿ ಹಾಕಬೇಕು? ಇದರಲ್ಲಿ ಏನೋ ಮಸಲತ್ತಿದೆ, ದೊಡ್ಡವರ ಮಕ್ಕಳನ್ನು ಒಳಗೆ ಸೇರಿಸಿಕೊಳ್ಳಲು ಮಾಡಿಕೊಂಡ ಹಿತ್ತಿಲ ಬಾಗಿಲು ಇದು ಎಂದು ನಾನು ಆಗಲೇ ತೀರ್ಮಾನಿಸಿದೆ. ನನ್ನ ಗಂಡ ಬೀದರಿನಲ್ಲಿ ನೌಕರಿ ಮಾಡುತ್ತಾರೆ. ಫೋನಿನಲ್ಲಿ ಹೇಳಿದರೆ ಎಲ್ಲದಕ್ಕೂ "ನೋಡೂಣು" ಅನ್ನುವ ಮನುಷ್ಯ. ಹೀಗಾಗಿ ನೋಡುವ ಕೆಲಸ ನನ್ನ ಪಾಲಿಗೇ ಬಂತು.

ಕಚೇರಿಯ ಗೆಳತಿಯೊಬ್ಬಳ ಮಾತು ಕೇಳಿ, ಇಂಥ ಕಾಲೇಜುಗಳಿಗೆ ಅರ್ಜಿ ಹಾಕಿಸುವ ಒಬ್ಬರ ಬಳಿಗೆ ಮಗಳನ್ನು ಕರೆದುಕೊಂಡು ಹೋದೆ. ಗಾಜಿನ ಬಾಗಿಲು, ತಂಪು ಕೋಣೆ, ಕೇಳದೆಯೇ ಬಂದ ಚಹಾ. ಕೇಳದೆ ಚಹಾ ಕೊಡುವವರನ್ನು ನಾನು ನಂಬುವುದಿಲ್ಲ.

"ಮಾರ್ಕ್ಸ್ ಭಾರಿ ಅದಾವ್ರಿ ಮೇಡಂ," ಎಂದರು ಅವರು. "ಆದ್ರ ಪ್ರೊಫೈಲ್ ವೀಕ್ ಅದ."

"ಅದಕ್ಕೇನ್ ಮಾಡಬೇಕ್ರಿ?"

"ನೀವೇನೂ ಮಾಡಬ್ಯಾಡ್ರಿ. ಎಲ್ಲಾ ನಾವೇ ಮಾಡ್ತೀವಿ."

ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದರು. ಒಬ್ಬ ಹುಡುಗಿ ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಾಳೆ, ಹಿಂದೆ ಯಾವುದೋ ಸಂಸ್ಥೆಯ ಬ್ಯಾನರ್. ಮುಂದಿನ ಫೋಟೋದಲ್ಲಿ ಒಬ್ಬ ಹುಡುಗ ಬಡ ಮಕ್ಕಳಿಗೆ ಗಣಿತ ಕಲಿಸುತ್ತಿದ್ದಾನೆ. ಅದರ ಮುಂದಿನದರಲ್ಲಿ ಮತ್ತೊಬ್ಬ ಹುಡುಗಿ ಕೈ ತೊಳೆಯುವುದನ್ನು ಕಲಿಸುತ್ತಿದ್ದಾಳೆ. ಕಲಿಸುವವರು ಬದಲಾಗಿದ್ದರು. ಕಲಿಯುವ ಮಕ್ಕಳು ಅವರೇ, ಅಂಗಿಗಳೂ ಅವೇ. ಮುಂದಿನ ಸಾಲಿನಲ್ಲಿ ಮೂಗಿನೊಳಗೆ ಬೆರಳಿಟ್ಟುಕೊಂಡ ಒಂದು ಕೂಸು ಮೂರರಲ್ಲೂ ಬೆರಳು ತೆಗೆದಿರಲಿಲ್ಲ. ನಾನು ಚಹಾ ಮುಟ್ಟದೆ ಎದ್ದೆ.

ಕುಸನೂರ ಕಡೆಗಿರುವ ನಮ್ಮ ಮನೆಗೆ ಆಟೋದಲ್ಲಿ ವಾಪಸು ಬರುವಾಗ ಮಗಳು ಹೇಳಿದಳು. "ಅವ್ವಾ, ನಾ ಕಮಲಾಪುರದ್ದೇ ಬರೀತೀನಿ."

ಕಮಲಾಪುರ ನನ್ನ ತವರು. ಬಸ್ಸಿನಲ್ಲಿ ತಾಸಿನ ದಾರಿ. ಅಲ್ಲಿ ಹೆದ್ದಾರಿಯ ಪಕ್ಕದಲ್ಲಿ ನನ್ನ ಅಣ್ಣನದು ಕೆಂಪು ಬಾಳೆಹಣ್ಣಿನ ಅಂಗಡಿ. ಅಣ್ಣ ತೋಟಗಳಿಗೆ ಹೋಗಿ ಗೊನೆ ಕಡಿಸಿ ತರುತ್ತಾನೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಗೆ ಕೊಟ್ಟು ಹಣ್ಣು ಮಾಡುತ್ತಾರೆ. ಭಾನುವಾರ ಗಿರಾಕಿ ಜಾಸ್ತಿ, ಅಂಗಡಿಯಲ್ಲಿ ಕೂರಲು ಜನ ಇಲ್ಲ. ಪಿಯುಸಿ ಸೇರಿದ ಹೊಸದರಲ್ಲಿ ಮಗಳು ದಸರಾ ರಜೆಗೆಂದು ಹೋದವಳು ಒಂದು ದಿನ ಅಂಗಡಿಯಲ್ಲಿ ಕುಳಿತಳು. ಅದು ಎಂಥ ರುಚಿ ಹತ್ತಿತೋ, ಆವತ್ತಿನಿಂದ ಪರೀಕ್ಷೆ ಇದ್ದರೂ ಸರಿ, ಭಾನುವಾರ ಬೆಳಿಗ್ಗೆ ಎದ್ದು ಕಮಲಾಪುರದ ಬಸ್ಸು ಹತ್ತುವುದನ್ನು ಬಿಡಲಿಲ್ಲ.

ಇದು ನನಗೆ ಸರಿ ಬಂದಿರಲಿಲ್ಲ. ನಮ್ಮ ಕಡೆ ಮನೆಯ ಹೆಣ್ಣುಮಗಳಾಗಲಿ, ಅವಳ ಮಕ್ಕಳಾಗಲಿ ತವರಿಗೆ ಬಂದರೆ ಉಣಿಸಿ, ಉಡಿ ತುಂಬಿ ಕಳಿಸಬೇಕೇ ಹೊರತು ಕೆಲಸಕ್ಕೆ ಹಚ್ಚಬಾರದು. ಹಚ್ಚಿದರೆ ಊರು ಆಡಿಕೊಳ್ಳುವುದು ಆ ಮನೆಯ ಸೊಸೆಯನ್ನು, ನಾದಿನಿಯ ಮಗಳನ್ನು ಆಳು ಮಾಡಿಕೊಂಡಳು ಎಂದು. ವೈನಿ ಪುಕ್ಕಟೆ ಸಿಕ್ಕ ಹುಡುಗಿಯನ್ನು ದುಡಿಸಿಕೊಳ್ಳುತ್ತಿದ್ದಾರೆ ಎಂದು ನಾನೂ ಅಂದುಕೊಂಡೆ, ಒಂದೆರಡು ಸಲ ಚುಚ್ಚಿಯೂ ಮಾತಾಡಿದೆ. ಅದಕ್ಕಿಂತ ದೊಡ್ಡ ಇನ್ನೊಂದು ಸಂಶಯವಿತ್ತು. ಆ ವಯಸ್ಸಿನ ಹುಡುಗಿ ರಜೆಯ ದಿನ ಯಾರೂ ಎಬ್ಬಿಸದೆ ಎದ್ದು, ತಲೆ ಬಾಚಿಕೊಂಡು, ನಗುನಗುತ್ತ ಬಾಳೆಹಣ್ಣು ಮಾರಲು ಹೋಗುತ್ತಾಳೆಂದರೆ ಯಾವ ತಾಯಿ ನಂಬುತ್ತಾಳೆ? ದಾರಿಯಲ್ಲಿ ಯಾರೋ ಒಬ್ಬ ಇರಲೇಬೇಕು ಎಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ.

"ಬಾಳಿಹಣ್ಣ ಮಾರೂದು ಬರೆದ್ರ ಕಾಲೇಜಿನ್ಯಾಗ ತಗೊತಾರೇನ?" ಎಂದೆ ಆಟೋದಲ್ಲಿ.

"ಮತ್ತೇನ್ ಬರೀಲಿ? ನಾ ಮಾಡೂದು ಅದೊಂದೇ."

ಬರೆದಳು. ಬೇಕಿದ್ದರೆ ವಿಚಾರಿಸಿಕೊಳ್ಳಿ ಎಂದು ವೈನಿಯ ಫೋನ್ ನಂಬರನ್ನೂ ಕೊಟ್ಟಳು. ಅಂಗಡಿಯ ಹೆಸರಲ್ಲಿ ಮಾತಾಡುವವರು ಅವರೇ ತಾನೇ.

ಚಳಿಗಾಲ ಮುಗಿಯುವ ಹೊತ್ತಿಗೆ ಕಾಲೇಜಿನಿಂದ ಮೇಲ್ ಬಂತು. ನೀವು ಬರೆದ ಕೆಲಸದ ಬಗ್ಗೆ ವಿಚಾರಿಸಿದೆವು, ಖಾತ್ರಿಯಾಗಲಿಲ್ಲ, ಮನೆಯವರಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತೇವೆ, ಆಗಲೂ ಖಾತ್ರಿಯಾಗದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಮಗಳ ಮುಖ ಕಪ್ಪಿಟ್ಟಿತು. ಸುಳ್ಳಿ ಎಂದು ಬರೆಯದೆ ಸುಳ್ಳಿ ಎಂದು ಹೇಳುವ ಭಾಷೆ ನನಗೆ ಚೆನ್ನಾಗಿ ಗೊತ್ತು, ನಾನೂ ಅದೇ ಭಾಷೆಯಲ್ಲಿ ಬರೆಯುತ್ತೇನೆ. ತಕ್ಷಣ ವೈನಿಗೆ ಫೋನ್ ಹಚ್ಚಿದೆ.

"ಹೌದವಾ, ಫೋನ್ ಬಂದಿತ್ತು," ಎಂದರು ವೈನಿ. "ಯಾವದೋ ಹೆಣ್ಣಮಗಳು, ಹಿಂದಿ ಮಾತಾಡ್ತಿದ್ಲು. ಈ ಹುಡುಗಿ ನಿಮ್ಮ ಅಂಗಡ್ಯಾಗ ಕೆಲಸ ಮಾಡ್ತಾಳೇನು ಅಂತ ಕೇಳಿದ್ಲು. ನಾ ಇಲ್ಲ ಅಂದೆ."

"ಇಲ್ಲ ಅಂದ್ರೀ?"

"ಆಕಿ ನಮ್ಮನಿ ಹೆಣ್ಣಮಗಳ ಮಗಳು, ಬರ್ತಾಳ, ಉಣ್ತಾಳ, ಹೋಗ್ತಾಳ, ಹುಲ್ಲಕಡ್ಡಿ ಸೈತ ಎತ್ತಿ ಇಡಂಗಿಲ್ಲ ಅಂತ ಹೇಳಿದೆ."

"ವೈನಿ, ಯಾಕ್ರಿ ಹಂಗ ಹೇಳಿದ್ರಿ? ಅದು ಕಾಲೇಜಿನವ್ರ ಫೋನ್ ಇತ್ತು!"

"ಹುಡುಗಿ ಯಾರೋ ಫೋನ್ ಮಾಡ್ತಾರ ಅಂದಿದ್ಲು. ಹಿಂಗ ಕೇಳ್ತಾರಂತ ನನಗೇನ್ ಗೊತ್ತು? ನೀನೇ ನಿಮ್ಮ ಆಫೀಸಿನವ್ರ ಕಡಿಂದ ಕೇಳ್ಸಿದಿ ಅಂತ ತಿಳದೆ. ನಾ ಆಕಿನ್ನ ದುಡಸ್ತೀನಿ ಅಂತ ನಿನ್ನ ಮನಸ್ಸಿನ್ಯಾಗ ಅದ, ನನಗ ಗೊತ್ತದ. ಹೂಂ ಅಂದ್ರ ನಾಳೆ ನೀ ನನ್ನ ಹಿಡಿತಿದ್ದಿ."

ಹಾಗೆ ಯಾರಿಂದಲಾದರೂ ಕೇಳಿಸುವ ಯೋಚನೆ ನನಗೆ ಬಂದಿರಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತಿತ್ತು.

ಮರುದಿನ ಕಚೇರಿಗೆ ರಜೆ ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕಾಲೇಜಿನಿಂದ ಫೋನ್ ಬಂತು. ಮಗಳು ಓಡಿಬಂದು ಸ್ಪೀಕರ್ ಒತ್ತಿ ನನ್ನ ಮಗ್ಗುಲಲ್ಲಿ ಕೂತಳು. ಆ ಹೆಣ್ಣುಮಗಳ ಹಿಂದಿ ಪುಸ್ತಕದ ಹಿಂದಿ. ನನ್ನದು ಮುಕ್ಕಾಲು ನಮ್ಮೂರಿನ ಮೋಮಿನಪುರ ಓಣಿಯ ಉರ್ದು. ಹೇಗೋ ನಡೆಯಿತು. ಅಂಗಡಿಯವರು ಇಲ್ಲ ಅನ್ನುತ್ತಿದ್ದಾರಲ್ಲ ಎಂದಳು. ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದೆ. ಕೇಳಿಸಿಕೊಂಡಳು, ನಂಬಿದ ಹಾಗೆ ಕಾಣಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆಮೇಲೆ ಕೇಳಿದಳು, ನಿಮ್ಮ ಮಗಳು ಅಲ್ಲಿ ಕೆಲಸ ಮಾಡುವುದನ್ನು ನೀವು ಕಣ್ಣಾರೆ ನೋಡಿದ್ದೀರಾ?

ನೋಡಿರಲಿಲ್ಲ. ಅಷ್ಟು ಭಾನುವಾರಗಳಲ್ಲಿ ಒಂದು ಸಲವೂ ನಾನು ಹೋಗಿ ನೋಡಿರಲಿಲ್ಲ. ಹೂಂ ಅನ್ನು ಎಂದು ಮಗಳು ಕಣ್ಣಲ್ಲೇ ಬೇಡುತ್ತಿದ್ದಳು. ಆದರೆ ನಾನು ಆ ಪ್ರಶ್ನೆಯನ್ನು ದಿನಾ ಕೇಳುವವಳು, ಹೂಂ ಎಂದವರ ಮುಂದಿನ ಪ್ರಶ್ನೆ ಏನಿರುತ್ತದೆಂದು ಗೊತ್ತಿರುವವಳು. ನೋಡಿಲ್ಲ ಎಂದೆ. ಮಗಳು ಕಣ್ಣು ಮುಚ್ಚಿಕೊಂಡಳು. ಹಾಗಾದರೆ ನಿಮಗೆ ಹೇಗೆ ಗೊತ್ತು ಎಂದು ಆಕೆ ಕೇಳಿದಳು. ಆಗ ನಾನು ಹೇಳತೊಡಗಿದೆ.

ಭಾನುವಾರ ಸಂಜೆ ಮನೆಗೆ ಬಂದ ಮೇಲೆ ಅವಳು ಸ್ನಾನಕ್ಕೆ ಹೋದಾಗ ಅವಳ ದುಪ್ಪಟ್ಟಾ ಮೂಸಿ ನೋಡುತ್ತಿದ್ದೆ, ಪ್ರತಿ ಸಲವೂ ಹೊಗೆಯ ವಾಸನೆಯೇ ಇರುತ್ತಿತ್ತು. ತೋಳಿನ ಅಂಚಿಗೆ ಬಾಳೆಯ ಸೊನೆ ಹತ್ತಿ ಕಪ್ಪಾದ ಕಲೆ, ಅದು ಯಾವ ಸಾಬೂನಿಗೂ ಹೋಗುವುದಿಲ್ಲ. ಅಂಗಡಿಯ ಎದುರಿನ ಚಹಾದವನ ನಂಬರು ಹುಡುಕಿ ತೆಗೆದು, ಭಾನುವಾರ ಅವನಿಗೆ ಫೋನ್ ಮಾಡಿ ಕೇಳುತ್ತಿದ್ದೆ, ಹುಡುಗಿ ಇದ್ದಾಳೇನು, ಪಕ್ಕದಲ್ಲಿ ಯಾರಾದರೂ ಇದ್ದಾರೇನು ಎಂದು. ಒಬ್ಬಾಕಿನೇ ಕೂತಾಳ್ರಿ, ಗಿರಾಕಿ ಜೋಡಿ ಜಗಳ ಮಾಡಾಕತ್ತಾಳ ಎನ್ನುತ್ತಿದ್ದ. ಅದೇ ದಾರಿಯಲ್ಲಿ ಹುಮನಾಬಾದಿಗೆ ಹೊರಟಿದ್ದ ನಮ್ಮ ಕಚೇರಿಯವರೊಬ್ಬರಿಗೆ, ಗುರುತು ಹೇಳದೆ ಆ ಅಂಗಡಿಯಲ್ಲಿ ಹಣ್ಣು ಕೊಂಡು ಬನ್ನಿ ಎಂದಿದ್ದೆ. ಅವರು ಬರಿಗೈಲಿ ಬಂದರು. ಈ ಹಣ್ಣು ಇನ್ನೂ ಹದಕ್ಕೆ ಬಂದಿಲ್ಲ, ದೂರ ಹೋಗುವವರಾದರೆ ಒಯ್ಯಿರಿ, ಇವತ್ತೇ ತಿನ್ನುವುದಿದ್ದರೆ ಬೇಡ ಎಂದು ಹುಡುಗಿಯೇ ಹೇಳಿದಳಂತೆ. ಅವಳ ಫೋನನ್ನೂ ನೋಡಿದ್ದೇನೆ. ಅದರಲ್ಲಿ ಬಾಳೆಗೊನೆಗಳ ಫೋಟೋ ಬಿಟ್ಟರೆ ಯಾರದೂ ಇಲ್ಲ.

ಆ ಹೆಣ್ಣುಮಗಳು ನಕ್ಕಳು. ಇಷ್ಟು ತನಿಖೆ ನಾವೂ ಮಾಡುವುದಿಲ್ಲ ಎಂದಳು. ಚಹಾದವನ ನಂಬರು ಮತ್ತು ಕಚೇರಿಯವರ ನಂಬರು ತೆಗೆದುಕೊಂಡಳು. ಗೆದ್ದೆವು ಎಂದು ಮಗಳ ಕಡೆ ತಿರುಗಿದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು. "ಚಾದ ಅಂಗಡಿ ಕಾಕಾ ವಾರಾ ವಾರಾ ಬಂದು, ಊಟಾ ಆತೇನವಾ, ಒಬ್ಬಾಕಿನೇ ಇದ್ದೀಯೇನು ಅಂತ ಕೇಳ್ತಿದ್ದ. ನಾ ಅಂವ ಪ್ರೀತಿಲೆ ಕೇಳ್ತಾನಂತ ತಿಳದಿದ್ದೆ."

"ನಿನ್ನ ಒಳ್ಳೇದಕ್ಕ—" ಎಂದೆ.

"ಗೊತ್ತದವ್ವಾ," ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಸೀಟು ಸಿಕ್ಕಿತು, ಫೀ ಮಾಫಿಯೂ ಆಯಿತು. ವೈನಿ ಕಮಲಾಪುರದಿಂದ ಬಂದು ಉಡಿ ತುಂಬಿದರು. ಬೀದರಿನಿಂದ ಬಂದ ಅವಳಪ್ಪ ಓಣಿಗೆಲ್ಲ ಪೇಢೆ ಹಂಚಿದರು. ಮಗಳು ಎಲ್ಲರ ಕಾಲಿಗೆ ಬಿದ್ದಳು, ನನ್ನ ಕಾಲಿಗೂ ಬಿದ್ದಳು, ನಕ್ಕಳು. ಆದರೆ ಫೋನ್ ಚಾರ್ಜಿಗೆ ಹಾಕುವಾಗ ಅದರ ಮುಖ ಮೇಲೆ ಮಾಡಿ, ಲಾಕ್ ತೆಗೆದೇ ನನ್ನ ಮುಂದೆ ಇಟ್ಟು ಹೋಗುವುದನ್ನು ಆ ದಿನಗಳಲ್ಲಿ ರೂಢಿ ಮಾಡಿಕೊಂಡಿದ್ದಳು.

ಈಗ ಅವಳು ಆ ಊರಿನ ಹಾಸ್ಟೆಲಿನಲ್ಲಿದ್ದಾಳೆ. ದಿನಾ ಸಂಜೆ ನನ್ನ ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಒಮ್ಮೆ ಲೈಬ್ರರಿಯ ಮೇಜು, ಒಮ್ಮೆ ಊಟದ ಹಾಲ್, ಒಮ್ಮೆ ಅವಳ ಕೋಣೆ. ಕೆಳಗೆ ಒಂದು ಅಕ್ಷರವೂ ಇರುವುದಿಲ್ಲ. ನಾನು ಕೇಳಿದ್ದಲ್ಲ. ಮನೆಯ ನೆನಪಾಗಿ ಕಳಿಸುತ್ತಾಳೆ ಎಂದುಕೊಂಡು ಮೊದಲ ಕೆಲವು ಫೋಟೋಗಳನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ಆಮೇಲೆ ನನ್ನ ಕಣ್ಣು ತನ್ನ ಕೆಲಸ ಮಾಡಿತು. ಯಾವ ಫೋಟೋ ತೆಗೆದು ನೋಡಿದರೂ ಒಂದು ಮೂಲೆಯಲ್ಲಿ ಗಡಿಯಾರವಿತ್ತು. ಗೋಡೆ ಗಡಿಯಾರ ಇಲ್ಲದ ಕಡೆ ಅವಳ ಕೈಗಡಿಯಾರ, ಮುಳ್ಳು ಕಾಣುವ ಹಾಗೆ ತಿರುಗಿಸಿ ಇಟ್ಟದ್ದು.

ನಿನ್ನೆ ಬರೆದೆ, "ಇನ್ ಮ್ಯಾಲ ಫೋಟೋ ಕಳಸಬ್ಯಾಡವಾ, ನಾ ನಿನ್ನ ನಂಬತೀನಿ" ಎಂದು. ಓದಿದಳು, ನೀಲಿ ಗೆರೆಗಳು ಬಿದ್ದವು. ಉತ್ತರ ಬರಲಿಲ್ಲ.

ಇವತ್ತು ಸಂಜೆ ಮತ್ತೊಂದು ಫೋಟೋ ಬಂದಿದೆ.