ಸ್ಲೀವ್ ಮೆತ್ತಗಾಗಲು ಬಿಸಿನೀರು

ಸಮುದ್ರದೊಳಗೆ ಇಳಿಯುವ ಹುಚ್ಚು ನನಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನವಿಡೀ ಜನರ ಮಾತು ಕೇಳುವವಳಿಗೆ, ಯಾರೂ ಮಾತಾಡಿಸಲಾಗದ ಜಾಗ ಒಂದು ಬೇಕಿತ್ತು. ಅತ್ತೆ ಮೊದಮೊದಲು ಮೈಸೂರಿನ ನೆಂಟರಿಗೆಲ್ಲ ಫೋನ್ ಮಾಡಿ ದೂರಿದರು. ಆಮೇಲೆ ಅದನ್ನೇ ಜಂಬದಿಂದ ಹೇಳಿಕೊಳ್ಳತೊಡಗಿದರು.

ಈ ವರ್ಷ ಮಾತ್ರ ನಾನು ನೀರಿಗಿಳಿಯುವ ಹಾಗಿರಲಿಲ್ಲ. ಕ್ಯಾನ್ಸರಿನ ಚಿಕಿತ್ಸೆ ಆಗಷ್ಟೇ ಮುಗಿದಿತ್ತು. ಔಷಧಿಯ ಕಾರಣಕ್ಕೆ ನನ್ನ ಬೆರಳ ತುದಿಗಳು ಮರಗಟ್ಟಿದ್ದವು. ಸರಿಹೋದರೂ ಹೋಗಬಹುದು, ಇಲ್ಲದಿದ್ದರೆ ಇಲ್ಲ ಎಂದಿದ್ದರು ಡಾಕ್ಟರು. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನ್ನ ಬೋಳು ತಲೆ, ನನ್ನ ವಾಂತಿ ಎಲ್ಲವನ್ನೂ ಎಲ್ಲರೂ ನೋಡಿಯಾಗಿತ್ತು. ಇದೊಂದಾದರೂ ನನ್ನ ಪಾಲಿಗಿರಲಿ ಅನ್ನಿಸಿತ್ತು. ಕೈಯಿಂದ ಲೋಟ ಬಿದ್ದರೆ ಜಿಡ್ಡಿನ ಮೇಲೆ ತಪ್ಪು ಹೊರಿಸುತ್ತಿದ್ದೆ. ಬೆರಳಿಗಷ್ಟೇ ಅಲ್ಲ, ಒಳಗೂ ಹಾಗೇ ಆಗಿತ್ತು. ಚಿಕಿತ್ಸೆ ಮುಗಿಯಿತೆಂದು ಅತ್ತೆ ಪಾಯಸ ಮಾಡಿದ ದಿನ ನನಗೆ ಖುಷಿಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಬಟ್ಟಲು ಖಾಲಿ ಮಾಡಿ ತೊಳೆದಿಟ್ಟೆ.

ಮಗಳು ನಾವಿರುವ ಈ ತಮಿಳು ಊರಿನಲ್ಲೇ, ಪೆರುಂಗುಡಿ ಕಡೆ, ಕೆಲಸಕ್ಕೆ ಹೋಗುತ್ತಾಳೆ. ನನ್ನ ಹುಚ್ಚು ಅವಳಿಗೂ ಅಂಟಿದೆ. ಅದೊಂದು ಶನಿವಾರ. ಮರುದಿನ ಅವಳು ದೋಣಿಯಲ್ಲಿ ಹೋಗಿ ನನ್ನ ರೆಗ್ಯುಲೇಟರ್ ಹಾಕಿಕೊಂಡು ಮುಳುಗುವವಳಿದ್ದಳು. ಬೆನ್ನಿನ ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ ಸಾಮಾನು ಅದು. ಅದರ ಹೋಸ್‌ಗಳು ಬಾಗುವ ಬುಡದಲ್ಲಿ ಬೆರಳುದ್ದದ ರಬ್ಬರ್ ಸ್ಲೀವ್ ಇರುತ್ತದೆ, ಹೋಸ್ ಮಡಚಿ ಮುರಿಯದಿರಲಿ ಎಂದು. ಕಾಪಾಡಲು ಹಾಕಿದ ಸ್ಲೀವೇ ಒಳಗೆ ಉಪ್ಪುನೀರು ಹಿಡಿದಿಟ್ಟು, ಆದ ಬಿರುಕನ್ನು ಮುಚ್ಚಿಡುವುದೂ ಉಂಟು. ಹಾಗಾಗಿ ಆಗಾಗ ಹೋಸ್ ಬಿಚ್ಚಿ, ಸ್ಲೀವ್ ತೆಗೆದು, ತೊಳೆದು, ನೋಡಿ, ಮತ್ತೆ ಹಾಕಬೇಕು. ಬಿರುಕು ಬಿಟ್ಟ ಹೋಸ್ ನೀರಿನ ಕೆಳಗೆ ಒಡೆದರೆ ಉಸಿರಾಡುವ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುತ್ತದೆ. ಕಪ್ಪು ರಬ್ಬರಿನ ಮೇಲಿನ ಕೂದಲೆಳೆಯಷ್ಟು ಬಿರುಕು ನನ್ನ ಕನ್ನಡಕಕ್ಕೆ ಎಂದೂ ಸಿಕ್ಕಿದ್ದಿಲ್ಲ. ಬೆರಳಿನಿಂದಲೇ ಹಿಡಿಯುತ್ತಿದ್ದೆ.

"ನಾನೇ ನೋಡಿಕೊಳ್ಳಲಾ?" ಎಂದು ಇಲ್ಲೇ ಬೆಳೆದ ಮಗಳು ತಮಿಳಿನಲ್ಲಿ ಕೇಳಿದಳು.

"ನಿಂಗೇನು ಗೊತ್ತಾಗತ್ತೆ, ಸುಮ್ನಿರು" ಅಂದೆ.

ಅಡುಗೆಮನೆಯ ನೆಲದಲ್ಲಿ ಹಳೇ ಟವೆಲ್ ಹಾಸಿ ಕೂತೆ. ಸೋಪಿನ ನೀರು ಬಿಟ್ಟು ಸ್ಲೀವ್ ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ಅತ್ತೆ ತರಕಾರಿ ಹೆಚ್ಚುವುದು ಬಿಟ್ಟು ಎದ್ದು ಬಂದರು. ಸೀಮಂತಗಳಲ್ಲಿ ಎಂಥ ಗಟ್ಟಿ ಕೈಗೂ ಗಾಜಿನ ಬಳೆ ಒಡೆಯದ ಹಾಗೆ ತೊಡಿಸುತ್ತಿದ್ದವರು ಅವರು.

"ಎಳೀಬೇಡ್ವೇ. ತಿರುಗಿಸ್ತಾ ತಿರುಗಿಸ್ತಾ ಬಾ, ತಾನೇ ಬರತ್ತೆ."

ಬಂತು. ಒಂದಾದ ಮೇಲೊಂದು ಎಲ್ಲವೂ ಬಂದವು. ಒಳಗೆ ಉಪ್ಪು ಬೆಳ್ಳಗೆ ಕಟ್ಟಿತ್ತು. ತೊಳೆದು ಒರೆಸಿ, ಪ್ರತಿ ಹೋಸನ್ನೂ ಬಾಗಿಸಿ ಅದರ ಬುಡದ ಸುತ್ತ ಬೆರಳಾಡಿಸಿದೆ. ನುಣುಪಾಗಿತ್ತು. ನನ್ನ ಬೆರಳಿಗೆ ಆಗ ಎಲ್ಲವೂ ನುಣುಪೇ: ಬ್ಯಾಂಕಿನ ನೋಟು, ತುರಿಯುವ ಮಣೆ, ಮಗಳ ಕೆನ್ನೆ. ಅದು ಗೊತ್ತಿದ್ದೂ "ಎಲ್ಲಾ ಸರಿಯಾಗಿದೆ" ಎಂದು ನಡುಮನೆಯಲ್ಲಿದ್ದ ಮಗಳಿಗೆ ಕೂಗಿ ಹೇಳಿದೆ. ಹೇಳುವಾಗ ಎದೆ ಡವಗುಟ್ಟಲೂ ಇಲ್ಲ.

ಮತ್ತೆ ಹಾಕಲು ಸ್ಲೀವ್ ಮೆತ್ತಗಾಗಬೇಕಿತ್ತು. ಅತ್ತೆ ಪುರಸೈವಾಕ್ಕಂ ಪೇಟೆಯಿಂದ ತಂದ ತಮ್ಮ ಸ್ಟೀಲ್ ಬೇಸಿನ್ನಿಗೆ ಕುದಿಯುವ ನೀರು ಸುರಿದು, ಬೆರೆಸಲು ತಣ್ಣೀರು ತರಲೆಂದು ತಿರುಗಿದರು. ನಾನು ಆಗಲೇ ಬೆರೆಸಿದ್ದಾರೆ ಅಂದುಕೊಂಡು ಸ್ಲೀವ್ ಹಿಡಿದ ಬೆರಳ ತುದಿಗಳನ್ನು ಅದ್ದಿದೆ. ಅದ್ದಿಕೊಂಡೇ ಕೂತಿದ್ದೆ.

"ಅಯ್ಯೋ! ಕೈ ತೆಗಿಯೇ! ಕುದ್ದಿರೋ ನೀರು ಕಣೇ ಅದು!"

ಚೊಂಬು ಎಸೆದು ಬಂದು ನನ್ನ ಮಣಿಕಟ್ಟು ಹಿಡಿದೆಳೆದರು. ಬೆರಳ ತುದಿಗಳು ಕೆಂಪಾಗಿದ್ದವು. ಅವರು ಬೆರಳನ್ನೂ ನನ್ನ ಮುಖವನ್ನೂ ನೋಡಿದರು.

"ಉರೀತಿಲ್ವಾ?"

ಸುಳ್ಳು ಹೇಳಲು ಬಾಯಿ ತೆರೆದೆ. ಸದ್ದು ಕೇಳಿ ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಕೊರಳು ಕಂಡಿತು, ನಾಳೆ ಗಾಳಿ ಎಳೆದುಕೊಳ್ಳಬೇಕಾದ ಕೊರಳು.

"ಇಲ್ಲ ಅತ್ತೆ. ತುದಿಗೇನೂ ಗೊತ್ತಾಗಲ್ಲ." ಮಗಳಿಗೆ ಹೇಳಿದೆ: "ಹೋಸ್ ಸರಿಯಾಗಿದೆ ಅಂದ್ನಲ್ಲ, ನಂಬಬೇಡ. ನೀನೇ ಮುಟ್ಟಿ ನೋಡು."

ಅವಳು ನೆಲಕ್ಕೆ ಕೂತು ಒಂದೊಂದೇ ಹೋಸನ್ನು ಬಾಗಿಸಿ ಬೆರಳಾಡಿಸಿದಳು. ಬಾಯಿಗೆ ಹೋಗುವ ಹೋಸಿನ ಬುಡದಲ್ಲಿ ಬೆರಳು ನಿಂತಿತು.

"ಇಂಗ ಕ್ರ್ಯಾಕ್ ಇರುಕ್ಕು ಮಾ."

ಬಿರುಕು ಇದ್ದದ್ದು ನಾನು ಬೆರಳಿಟ್ಟು ನೋಡಿದ ಜಾಗದಲ್ಲೇ. ಎಷ್ಟೋ ತಿಂಗಳಲ್ಲಿ ಮೊದಲ ಸಲ ನನಗೆ ಭಯವಾಯಿತು.

ಮಗಳು ಬಯ್ಯಲಿಲ್ಲ. ಯಾವಾಗಿನಿಂದ ಹೀಗೆ ಎಂದು ಕೇಳಿದಳು, ಹೇಳಿದೆ. ಆ ಹೋಸನ್ನು ಪಕ್ಕಕ್ಕೆ ಎಸೆದಳು. ಬೆಳಿಗ್ಗೆ ದೋಣಿ ಹತ್ತುವ ಮೊದಲು ಅಂಗಡಿಯಲ್ಲಿ ಹೊಸದು ಹಾಕಿಸುವುದೆಂದಾಯಿತು. ಉಳಿದವಕ್ಕೆ ಅವಳೇ ಸ್ಲೀವ್ ಏರಿಸತೊಡಗಿದಳು, ಹಲ್ಲು ಕಚ್ಚಿ, ಜಗ್ಗಾಡಿ.

"ಎಳೀಬೇಡ್ವೇ, ತಿರುಗಿಸು" ಅಂದೆ.

ಅತ್ತೆ ಬೇಸಿನ್ನಿಗೆ ತಣ್ಣೀರು ತುಂಬಿ ನನ್ನ ಎರಡೂ ಕೈಯ ಬೆರಳ ತುದಿಗಳನ್ನು ಅದರಲ್ಲಿಟ್ಟು, ಮಣಿಕಟ್ಟು ಒತ್ತಿ ಹಿಡಿದರು. ಅವರ ಕೈಯ ಒತ್ತು ಮಣಿಕಟ್ಟಿಗೆ ತಿಳಿಯುತ್ತಿತ್ತು, ನೀರಿನಲ್ಲಿದ್ದ ತುದಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಕೇಳಿದೆ:

"ಅತ್ತೆ, ನೀರು ಇನ್ನೂ ತಣ್ಣಗಿದೆಯಾ?"