ಶಿವರುದ್ರಮ್ಮನ ಕಾಯಿ, ನನ್ನ ರುಜು

ನಮ್ಮ ಬಿಳಿಗೆರೆ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ವರ್ಷಗಟ್ಟಲೆ ಅಟ್ಟದಲ್ಲಿಟ್ಟು, ನೀರು ಇಂಗಿಸಿ ಕೊಬ್ಬರಿ ಮಾಡುತ್ತಾರೆ. ನಮ್ಮೂರಿನ ಶಿವರುದ್ರಮ್ಮ ಒಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದಕ್ಕಿನ್ನೂ ಎರಡು ತಿಂಗ್ಳು ಬೇಕು" ಎಂದರೆ ಎರಡೇ ತಿಂಗಳು. ನಾನು ಹದಿನೆಂಟು ವರ್ಷ ಮೇಷ್ಟ್ರಾಗಿ ಮಕ್ಕಳ ತಲೆ ಅಲ್ಲಾಡಿಸಿದ್ದೇನೆ. ಒಳಗೇನಿದೆಯೆಂದು ಒಂದು ಸಲವೂ ಸರಿಯಾಗಿ ಹೇಳಿದವನಲ್ಲ.

ಗಂಡ ಹೋದಮೇಲೆ ತೋಟ, ಅಟ್ಟ, ಎರಡು ಎಮ್ಮೆ ಎಲ್ಲವನ್ನೂ ಆಕೆ ಒಬ್ಬರೇ ನಿಭಾಯಿಸುತ್ತಿದ್ದರು. ಓದು ಬಾರದು. ಕಾಗದ ಬಂದರೆ ನನ್ನ ಮನೆಗೆ ತರುತ್ತಿದ್ದರು.

೧೯೭೮ರ ಜೂನ್‌ನಲ್ಲಿ ಪಕ್ಕದ ತೋಟದ ಹುಚ್ಚಣ್ಣ ತನ್ನ ಕಾಯಿ ಕಳುವಾಗಿದೆಯೆಂದು ದೂರು ಕೊಟ್ಟು, ಶಿವರುದ್ರಮ್ಮನ ಅಟ್ಟದ ಕಡೆ ಬೆರಳು ತೋರಿಸಿದ. ಪೊಲೀಸ್ ದಫೇದಾರ್ ರೇವಣಸಿದ್ದಯ್ಯ ಬಂದು ಎರಡು ಸಾವಿರ ಕಾಯನ್ನೂ ಗಾಡಿಗೆ ಹೇರಿಸಿದರು.

"ಮಳೆಗಾಲ ಕಣಪ್ಪ, ನೆನೆಸ್ಬ್ಯಾಡಿ," ಎಂದರು ಶಿವರುದ್ರಮ್ಮ.

"ಸರ್ಕಾರದ ಸುಪರ್ದಿ ಕಣಮ್ಮ. ನಿಮ್ಮಟ್ಟಕ್ಕಿಂತ ಭದ್ರ."

"ಆಗ್ಲಿ ಬುಡಿ. ಮೇಷ್ಟ್ರು ನಿಂತವ್ರಲ್ಲ, ನಂಗೇನು ಭಯ?"

ಮಹಜರಿಗೆ ಊರಿನ ಗಣ್ಯರೊಬ್ಬರ ರುಜು ಬೇಕಿತ್ತು. ಜೇಬಿನಲ್ಲಿ ಪೆನ್ನಿದ್ದ ಗಣ್ಯ ನಾನೊಬ್ಬನೇ. ದಫೇದಾರರು ಬಿಳಿ ಹಾಳೆ ಚಾಚಿ, "ಒಂದು ರುಜು ಹಾಕ್ಬುಡ್ರೀ ಮೇಷ್ಟ್ರೇ, ಠಾಣೆಗೋಗಿ ನಿಧಾನಕ್ಕೆ ಬರ್ಕೋತೀನಿ" ಎಂದರು. ಪೊಲೀಸರು ನನಗೆ 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಹಾಕಿದೆ. ಕೆಳಗೊಂದು ಗೆರೆಯನ್ನೂ ಎಳೆದೆ.

ಕಾಯಿ ಠಾಣೆಯ ಅಂಗಳದಲ್ಲಿ ಮೂರು ತಿಂಗಳು ಮಳೆಯಲ್ಲಿ ನೆನೆಯಿತು. ಕದ್ದವನು ಹುಚ್ಚಣ್ಣನ ಅಳಿಯನೇ ಎಂದು ಗೊತ್ತಾದ ಮೇಲೆ ವಾಪಸು ಬಂತು. ಲೆಕ್ಕ ಸರಿಯಾಗಿತ್ತು, ಅರ್ಧ ಮೊಳೆತಿತ್ತು, ಅರ್ಧ ನಾರುತ್ತಿತ್ತು.

ವಕೀಲ ಸದಾಶಿವಯ್ಯನವರು ಹೇಳಿದರು: "ವಶಕ್ಕೆ ತಗೊಂಡೋರು ಸ್ವಂತದ್ರಂಗೆ ಕಾಪಾಡ್ಬೇಕು ಕಣಮ್ಮ. ಕಾಕಿ ಹಾಕ್ಕೊಂಡ್ರೆ ಹೊಣೆ ತಪ್ಪಲ್ಲ." ಶಿವರುದ್ರಮ್ಮ ಸರ್ಕಾರದ ಮೇಲೂ ದಫೇದಾರರ ಮೇಲೂ ದಾವೆ ಹೂಡಿದರು. "ದುಡ್ಡು ಎಷ್ಟಾರ ಕೊಡ್ಲಿ, ತಪ್ಪಾಯ್ತು ಅಂತ ಬರ್ದು ಕೊಡ್ಲಿ," ಎನ್ನುತ್ತಿದ್ದರು. ಸಾಕ್ಷಿ ಯಾರೆಂದರೆ ಯೋಚಿಸಲೂ ಇಲ್ಲ: "ನಮ್ ಮೇಷ್ಟ್ರು."

ಎರಡು ವರ್ಷದ ಮೇಲೆ ಮುನ್ಸಿಫ್ ಕೋರ್ಟಿನಲ್ಲಿ ಕಟಕಟೆ ಹತ್ತಿದೆ. ಗಾಡಿಗೆ ಹೇರುವಾಗ ಕಾಯಿ ಚೆನ್ನಾಗಿದ್ದವು ಎಂದು ಹೇಳಿದೆ. ಆಗ ಸರ್ಕಾರಿ ವಕೀಲರು ಮಹಜರು ತೋರಿಸಿದರು. 'ಕಾಯಿಗಳು ವಶಪಡಿಸಿಕೊಳ್ಳುವಾಗಲೇ ಕೊಳೆತು ನಾರುತ್ತಿದ್ದವು.' ಕೆಳಗೆ ನನ್ನ ರುಜು, ಗೆರೆ ಸಮೇತ.

"ಓದಿ ರುಜು ಹಾಕಿದ್ರಾ, ಓದದೇನಾ?"

ಹಿಂದಿನ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಕೂತಿದ್ದರು. ಪ್ರಶ್ನೆ ಓದದೆ ಉತ್ತರ ಬರೆದದ್ದಕ್ಕೆ ಇಬ್ಬರಿಗೂ ನಾನು ಬೆತ್ತದ ರುಚಿ ತೋರಿಸಿದ್ದೆ. ಓದಲಿಲ್ಲ ಎಂದಿದ್ದರೆ ಶಿವರುದ್ರಮ್ಮ ಗೆಲ್ಲುತ್ತಿದ್ದರು, ನನ್ನ ಮರ್ಯಾದೆ ಹೋಗುತ್ತಿತ್ತು.

"ಓದಿಯೇ ಹಾಕಿದ್ದು ಸ್ವಾಮಿ," ಎಂದೆ.

ತೀರ್ಪು ಬಂತು. ಕಾಪಾಡುವ ಹೊಣೆ ಪೊಲೀಸರದೇ, ಅದರಲ್ಲಿ ಅನುಮಾನವಿಲ್ಲ; ಆದರೆ ಕಾಯಿ ಮೊದಲೇ ಕೊಳೆತಿದ್ದವೆಂದು ವಾದಿಯ ಸಾಕ್ಷಿಯೇ ಓದಿ ರುಜು ಹಾಕಿರುವುದರಿಂದ ದಾವೆ ವಜಾ.

ಮಾರನೇ ದಿನ ಶಿವರುದ್ರಮ್ಮ ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತರು. ಜಗಲಿಯಲ್ಲಿ ಹತ್ತು ಮಕ್ಕಳು ಮಗ್ಗಿ ಹೇಳುತ್ತಿದ್ದವು. ನನ್ನ ಹೆಂಡತಿ ಒಳಗೆ ಕರೆದಳು, ಬರಲಿಲ್ಲ.

"ದಫೇದಾರ ಯಾರೋ, ಎಲ್ಲಿಯೋನೋ. ಅವನ ಮೇಲೆ ನಂಗೆ ಸಿಟ್ಟಿಲ್ಲ. ನೀವು ಓದಿದ್ರಾ ಮೇಷ್ಟ್ರೇ?"

ಎದ್ದು ಹತ್ತಿರ ಹೋಗಿ, ಮಕ್ಕಳಿಗೆ ಕೇಳದ ಹಾಗೆ, "ಓದಿರಲಿಲ್ಲ ಕಣಮ್ಮ," ಎಂದೆ.

ಆಕೆ ಮಕ್ಕಳ ಕಡೆ ನೋಡಿದರು, ಮತ್ತೆ ನನ್ನ ಕಡೆ.

"ಅದನ್ನೂ ಪಿಸುಗುಡ್ತೀರಲ್ರೀ," ಎಂದು ಸೆರಗು ಕೊಡವಿ ಹೊರಟರು.