ನಾವಿಬ್ಬರೂ ಹಾಕಿದ್ದ ಸಹಿ

ಐಬ್ರೋ ಮಾಡಿಸಲೆಂದು ಕನಕಪುರದ ಹೊಸ ಪಾರ್ಲರಿಗೆ ಕಾಲಿಟ್ಟರೆ ಎದುರಿಗೆ ಪುಷ್ಪಾ! ಗೋಡೆಯಗಲ ಕನ್ನಡಿ, ತಿರುಗುವ ಕುರ್ಚಿಗಳು, ಮೂಲೆಯಲ್ಲಿ ಕಬ್ಬಾಳಮ್ಮನ ಫೋಟೊ. ಎಲ್ಲ ಅವಳದೇ ಅಂತೆ. ನನ್ನ ಹೊಟ್ಟೆ ಉರಿದುಹೋಯಿತು. ತಿರುಗಿ ಹೋಗೋಣವೆಂದರೆ ಅಷ್ಟರಲ್ಲಿ ಕೈಹಿಡಿದು ಕೂರಿಸಿಬಿಟ್ಟಿದ್ದಳು.

ನಾವಿಬ್ಬರೂ ಹಿಂದೆ ಇದೇ ಊರಿನ ಒಂದು ಪಾರ್ಲರಿನಲ್ಲಿ ಕೆಲಸಕ್ಕಿದ್ದೆವು. ಅವಳಿಗೆ ಹುಬ್ಬು ತೀಡುವ ದಾರ ಹಿಡಿಯಲು ಕಲಿಸಿದವಳೇ ನಾನು. ಕೆಲಸ ಬಿಟ್ಟರೆ ಎರಡು ವರ್ಷ ಈ ತಾಲ್ಲೂಕಿನಲ್ಲಿ ಇದೇ ಕೆಲಸ ಮಾಡುವುದಿಲ್ಲವೆಂದು ಅಲ್ಲಿನ ಮೇಡಂ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು. ಬಿಟ್ಟು ಬಂದ ಮೇಲೆ, ಆ ಎರಡು ವರ್ಷ ಇನ್ನೂ ಮುಗಿದಿಲ್ಲವೆಂದು, ನಾನು ದಾರ ಮುಟ್ಟಿಲ್ಲ. ಸ್ವಂತ ತಂಗಿಯ ಮದುವೆಗೂ ಹೆಣ್ಣಿನ ಅಲಂಕಾರಕ್ಕೆ ರಾಮನಗರದಿಂದ ಯಾರನ್ನೋ ಕರೆಸಿದ್ದೆ.

"ಅಲ್ಲಿ ಸೈನ್ ಹಾಕಿದ್ದು ನೆನಪೈತೇನೆ?" ಎಂದೆ.

ಪುಷ್ಪಾ ದಾರ ಎಳೆಯುತ್ತಲೇ ನಕ್ಕಳು. "ನಾನೂ ಹೆದ್ರಿದ್ದೆ ಕಣಕ್ಕಾ. ವಕೀಲ್ರನ್ನ ಕೇಳ್ದೆ. ಕೆಲ್ಸ ಬುಟ್ಮೇಲೆ ಅಂಥ ಷರತ್ತು ಕಾನೂನಲ್ಲಿ ನಿಲ್ಲಕ್ಕಿಲ್ಲ ಅಂದ್ರು. ನೀನು ಯಾರ್ನೂ ಕೇಳ್ಲೇ ಇಲ್ವಾ?"

ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು. ದಾರ ಚುಚ್ಚಿತೆಂದುಕೊಂಡು ಅವಳು ಪೌಡರ್ ಹಚ್ಚಿದಳು. ಹೊರಡುವಾಗ ಕಾಸನ್ನೂ ಮುಟ್ಟಲಿಲ್ಲ. ನಾನು ಅವಳ ಗುರುವಂತೆ!

ಮನೆಗೆ ಬಂದವಳೇ ಕನ್ನಡಿಯ ಮುಂದೆ ನಿಂತೆ. ಒಂದು ಹುಬ್ಬಾದರೂ ಓರೆಯಾಗಿರಲಿ ದೇವರೇ ಎಂದು ದಿಟ್ಟಿಸಿ ನೋಡಿದೆ. ಎರಡೂ ಸಮವಾಗಿದ್ದವು, ನಾನು ಹೇಳಿಕೊಟ್ಟಿದ್ದ ಹಾಗೆಯೇ.